ಅಜ್ಜಿಯ ಒರಳು, ಅಪ್ಪನ ಕಾಲದ ಫ್ರಿಜ್: ಕೊಡಗಿನ ಮನೆಯಲ್ಲಿ ಯಾವ ಹಳೆಯ ವಸ್ತು ಉಳಿಯಬೇಕು?

ಕಳೆದ ಜುಲೈಯಲ್ಲಿ ನಮ್ಮ ಕಡೆ ನಾಲ್ಕು ದಿನ ಕರೆಂಟು ಇರಲಿಲ್ಲ. ತೋಟದ ಅಂಚಿನ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದಿತ್ತು. ಲೈನ್‌ಮನ್‌ಗಳು ಮಳೆಯಲ್ಲೇ ನೆನೆಯುತ್ತಾ ದುರಸ್ತಿ ಮಾಡುತ್ತಿದ್ದರು, ಒಂದು ಕಡೆ ಸರಿಮಾಡುವಷ್ಟರಲ್ಲಿ ಇನ್ನೊಂದು ಕಡೆ ಮರ ಬೀಳುತ್ತಿತ್ತು. ಮೂರನೆಯ ದಿನ ಪಕ್ಕದ ಮನೆಯ ಹುಡುಗಿ ನೆನೆಹಾಕಿದ ಅಕ್ಕಿ, ಉದ್ದಿನ ಪಾತ್ರೆಗೆ ತಟ್ಟೆ ಮುಚ್ಚಿಕೊಂಡು, ಕೊಡೆ ಹಿಡಿದು ಬಂದಳು. ‘ಅಕ್ಕಾ, ನಿಮ್ಮ ಒರಳಲ್ಲಿ ರುಬ್ಬಿಕೊಳ್ಳಲಾ? ಹಿಟ್ಟು ಹುಳಿ ಬರ್ಲಿಕ್ಕೂ ಒಂದು ದಿನ ಬೇಕಲ್ಲ’ ಅಂದಳು. ಹಿಂದಿನ ಜಗಲಿಯಲ್ಲಿದ್ದ ಒರಳಿನ ಮೇಲಿಂದ ಗೋಣಿ ತೆಗೆದು ತೊಳೆದುಕೊಟ್ಟೆ. ರುಬ್ಬುತ್ತಾ ರುಬ್ಬುತ್ತಾ ಅವಳೇ ಕೇಳಿದಳು: ‘ನಮ್ಮ ಫ್ರಿಜ್ಜಿಗೂ ಹದಿನೈದು ವರ್ಷ ಆಯ್ತು. ಅಂಗಡಿಯವರು ಎಕ್ಸ್‌ಚೇಂಜ್ ಅಂತ ಫೋನ್ ಮಾಡ್ತಾನೇ ಇದಾರೆ. ಇದನ್ನೂ ನಿಮ್ಮ ಒರಳಿನ ಹಾಗೆ ಇಟ್ಕೊಳ್ಳೋದಾ, ಕೊಟ್ಟುಬಿಡೋದಾ?’

ಈ ಪ್ರಶ್ನೆ ಈಗ ಬಹಳ ಮನೆಗಳಲ್ಲಿದೆ. ಮಳೆಗಾಲ ಬಂದರೆ ಹಳೆಯ ವಸ್ತು ನೆನಪಾಗುತ್ತದೆ, ಬಿಲ್ ಬಂದರೆ ಹೊಸದು ಬೇಕೆನಿಸುತ್ತದೆ. ‘ಹಳೆಯದೇ ಗಟ್ಟಿ’ ಎಂದೋ ‘ಹಳೆಯದು ಕರೆಂಟು ತಿನ್ನುತ್ತದೆ’ ಎಂದೋ ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ಬರುವುದಿಲ್ಲ. ಆ ವಸ್ತು ಕರೆಂಟನ್ನು ಏನು ಮಾಡುತ್ತದೆ, ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ, ಕರೆಂಟು ಹೋದಾಗ ಏನಾಗುತ್ತದೆ ಎಂಬುದನ್ನು ನೋಡಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ವ್ಯಾಟ್, ಯೂನಿಟ್: ಇವೆರಡರ ವ್ಯತ್ಯಾಸ

ನಲ್ಲಿಯಿಂದ ನೀರು ಎಷ್ಟು ದಪ್ಪಕ್ಕೆ ಬೀಳುತ್ತಿದೆ ಎನ್ನುವುದು ವ್ಯಾಟ್. ಕೊನೆಗೆ ಡ್ರಮ್ಮಿನಲ್ಲಿ ಎಷ್ಟು ನೀರು ತುಂಬಿತು ಎನ್ನುವುದು ಯೂನಿಟ್. ನಾವು ಹಣ ಕೊಡುವುದು ಡ್ರಮ್ಮಿಗೆ.

1000 ವ್ಯಾಟ್‌ನ ವಸ್ತು 1 ಗಂಟೆ ಓಡಿದರೆ 1 ಯೂನಿಟ್. 100 ವ್ಯಾಟ್‌ನದು 10 ಗಂಟೆ ಓಡಿದರೂ 1 ಯೂನಿಟ್ಟೇ. ಹಾಗಾಗಿ ದೊಡ್ಡ ಸದ್ದು ಮಾಡುವ ಮಿಕ್ಸಿ ಹೆಚ್ಚು ಕರೆಂಟು ಎಳೆಯುತ್ತದೆ ಎನ್ನುವುದು ಬರೀ ಭ್ರಮೆ. 500 ವ್ಯಾಟ್‌ನ ಮಿಕ್ಸಿಯನ್ನು ದಿನಕ್ಕೆ 10 ನಿಮಿಷ ಓಡಿಸಿದರೆ ಒಂದು ಯೂನಿಟ್ ಆಗಲು 12 ದಿನ ಬೇಕು. ಮೂಲೆಯಲ್ಲಿ ಸದ್ದಿಲ್ಲದೆ ನಿಂತ ಫ್ರಿಜ್ ಅದೇ 12 ದಿನದಲ್ಲಿ 15, 20 ಯೂನಿಟ್ ಎಳೆದಿರಬಹುದು.

ಬಿಸಿ ಮಾಡುವ ವಸ್ತುಗಳಿಗೆ ವಯಸ್ಸಾಗುವುದಿಲ್ಲ

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ರಾಡ್, ಹಳೆಯ ಕಾಯಿಲ್ ಒಲೆ, ಇವೆಲ್ಲದರ ಒಳಗಿರುವುದು ಒಂದೇ ಕೆಲಸ. ಕರೆಂಟು ಸಲೀಸಾಗಿ ಹರಿಯಲು ಬಿಡದ ತಂತಿಯೊಂದಿರುತ್ತದೆ, ಅದು ಕಾಯುತ್ತದೆ. ಎಳೆದ ಕರೆಂಟೆಲ್ಲ ಶಾಖವೇ ಆಗುತ್ತದೆ. ಮೂವತ್ತು ವರ್ಷದ ರಾಡ್ ಆಗಲಿ, ನಿನ್ನೆ ತಂದ ರಾಡ್ ಆಗಲಿ, ಒಂದು ಬಕೆಟ್ ನೀರು ಕಾಯಿಸಲು ಎಳೆಯುವ ಕರೆಂಟು ಹೆಚ್ಚುಕಡಿಮೆ ಒಂದೇ. ಲೆಕ್ಕ ಬೇಕಿದ್ದರೆ: 15 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಅರ್ಧ ಯೂನಿಟ್ಟಿಗಿಂತ ತುಸು ಕಡಿಮೆ ಸಾಕು.

ಹಳೆಯ ಇಸ್ತ್ರಿ ಪೆಟ್ಟಿಗೆಯ ಒಳಗೆ ನೋಡಿದ್ದೀರಾ? ಶಾಖವನ್ನು ಹತೋಟಿಯಲ್ಲಿಡುವುದು ಅಲ್ಲಿರುವ ಒಂದು ಪುಟ್ಟ ಪಟ್ಟಿ. ಎರಡು ಬೇರೆ ಬೇರೆ ಲೋಹದ ತಗಡುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿರುತ್ತಾರೆ. ಕಾದಾಗ ಒಂದು ತಗಡು ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುತ್ತದೆ, ಪಟ್ಟಿ ಬಾಗುತ್ತದೆ, ಕರೆಂಟಿನ ದಾರಿ ತಪ್ಪುತ್ತದೆ. ತಣ್ಣಗಾದರೆ ಮತ್ತೆ ನೆಟ್ಟಗಾಗಿ ಕೂಡಿಕೊಳ್ಳುತ್ತದೆ. ‘ಟಿಕ್’ ಎಂದು ಕೇಳುವುದು ಅದೇ. ಹಾಳಾಗಲು ಅಲ್ಲಿ ಹೆಚ್ಚೇನೂ ಇಲ್ಲ, ಹಾಳಾದರೂ ಊರ ರಿಪೇರಿಯವರ ಕೈಯಲ್ಲೇ ಸರಿಹೋಗುತ್ತದೆ.

ನಮ್ಮ ಹಳ್ಳಿ ಲೈನ್‌ಗಳಲ್ಲಿ ಇನ್ನೊಂದು ವಿಷಯವಿದೆ, ವೋಲ್ಟೇಜ್. ಇರಬೇಕಾದದ್ದು 230. ಸಂಜೆ ಎಲ್ಲರೂ ಸ್ವಿಚ್ ಹಾಕಿದಾಗ 160ಕ್ಕೆ ಇಳಿದರೆ ರಾಡಿನ ಶಾಖ ಅರ್ಧಕ್ಕಿಂತಲೂ ತುಸು ಕೆಳಗಿಳಿಯುತ್ತದೆ. ವೋಲ್ಟೇಜ್ ಇಳಿದಾಗ ಹರಿಯುವ ಕರೆಂಟೂ ಕಡಿಮೆಯಾಗುತ್ತದೆ, ಎರಡು ಕಡೆಯಿಂದಲೂ ಪೆಟ್ಟು. ನೀರು ಕಾಯಲು ಎರಡರಷ್ಟು ಹೊತ್ತು ಹಿಡಿಯುತ್ತದೆ, ಅಷ್ಟೆ. ವಸ್ತುವಿಗೆ ತೊಂದರೆಯಿಲ್ಲ. ‘ರಾಡ್ ಹಳೆಯದಾಯ್ತು, ಕಾಯ್ತಾ ಇಲ್ಲ’ ಎಂದು ಹೊಸದು ತರುವ ಮೊದಲು ಅದನ್ನೇ ಬೆಳಗಿನ ಜಾವ ಒಮ್ಮೆ ಹಾಕಿ ನೋಡಿ.

ಹಾಗಾಗಿ ಇಸ್ತ್ರಿ, ರಾಡ್‌ಗಳ ವಿಚಾರದಲ್ಲಿ ಉಳಿತಾಯದ ಪ್ರಶ್ನೆಯೇ ಬರುವುದಿಲ್ಲ. ಇರುವುದು ಸುರಕ್ಷತೆಯ ಪ್ರಶ್ನೆ, ಅದಕ್ಕೆ ಮುಂದೆ ಬರುತ್ತೇನೆ.

ತಿರುಗುವ ವಸ್ತುಗಳು

ಮಿಕ್ಸಿ, ಗ್ರೈಂಡರ್, ಫ್ಯಾನ್. ಇವುಗಳೊಳಗೆ ಮೋಟರ್ ಇದೆ. ಮೋಟರಿಗೆ ಕಡಿಮೆ ವೋಲ್ಟೇಜ್ ಆಗುವುದಿಲ್ಲ. ಭಾರ ಅಷ್ಟೇ ಇರುತ್ತದೆ, ಶಕ್ತಿ ಸಾಲದೆ ಹೆಚ್ಚು ಕರೆಂಟು ಎಳೆದು ಸುರುಳಿ ಕಾಯುತ್ತದೆ. ಗ್ರೈಂಡರಿನಿಂದ ಸುಟ್ಟ ವಾಸನೆ ಬರುವುದು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲೇ.

ಫ್ಯಾನಿನ ಲೆಕ್ಕ ಊರಿಂದೂರಿಗೆ ಬೇರೆ. ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್, ಈಗಿನ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟರಿನ ಫ್ಯಾನ್ 30ರ ಆಸುಪಾಸು. ಕುಶಾಲನಗರದಲ್ಲಿ ಬೇಸಿಗೆಯಿಡೀ ಫ್ಯಾನ್ ಹಾಕುವವರಿಗೆ ಇದು ದೊಡ್ಡ ವ್ಯತ್ಯಾಸ. ಭಾಗಮಂಡಲದಲ್ಲಿ ವರ್ಷಕ್ಕೆ ಕೆಲವೇ ವಾರ ಫ್ಯಾನ್ ತಿರುಗಿಸುವ ಮನೆಗೆ ಹೊಸ ಫ್ಯಾನಿನ ಬೆಲೆ ಹುಟ್ಟುವುದೇ ಇಲ್ಲ. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರಕ್ಕಂತೂ ಮೋಟರೇ ಇಲ್ಲ. ಬೆಲ್ಟು, ಎಣ್ಣೆ ಸಿಗುವವರೆಗೆ ಅದನ್ನು ಯಾರಿಗೂ ಕೊಡಬೇಡಿ.

ಫ್ರಿಜ್: ಲೆಕ್ಕ ತಿರುಗಿಬೀಳುವುದು ಇಲ್ಲಿ

ಫ್ರಿಜ್ ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ದೋಣಿಗೆ ನುಗ್ಗಿದ ನೀರನ್ನು ಎತ್ತಿ ಎತ್ತಿ ಹೊರಚೆಲ್ಲುವ ಹಾಗೆ. ದೋಣಿಯ ತೂತು ದೊಡ್ಡದಾದಷ್ಟೂ ಕೆಲಸ ಹೆಚ್ಚು. ಫ್ರಿಜ್ಜಿನ ತೂತು ಎಂದರೆ ಬಾಗಿಲಿನ ಸುತ್ತಲಿನ ರಬ್ಬರ್, ಅಂದರೆ ಗ್ಯಾಸ್ಕೆಟ್, ಮತ್ತು ಗೋಡೆಯೊಳಗಿನ ಶಾಖ ತಡೆಯುವ ಪದರ. ಎರಡೂ ವರ್ಷಗಳು ಕಳೆದಂತೆ ಸೋಲುತ್ತವೆ. ನೀರೆತ್ತುವ ಕೈ ಕಂಪ್ರೆಸರ್. ಹಳೆಯವು ಪೂರ್ತಿ ಓಡುತ್ತವೆ ಇಲ್ಲವೇ ಪೂರ್ತಿ ನಿಲ್ಲುತ್ತವೆ. ಹೊಸ ಇನ್ವರ್ಟರ್ ಕಂಪ್ರೆಸರ್‌ಗಳು ಬೇಕಾದಷ್ಟೇ ವೇಗದಲ್ಲಿ ಓಡುತ್ತವೆ.

ಕಂಪ್ರೆಸರಿನ ಕೆಲಸ ಹೊರಗಿನ ಸೆಕೆಯನ್ನೂ ಅವಲಂಬಿಸಿದೆ. ಜುಲೈ ತಿಂಗಳ ಮಡಿಕೇರಿಯಲ್ಲಿ ಅಡುಗೆಮನೆಯೇ 20 ಡಿಗ್ರಿಯ ಆಸುಪಾಸು ಇರುವಾಗ ಫ್ರಿಜ್ಜಿಗೆ ಅರ್ಧ ವಿಶ್ರಾಂತಿ. ಬಯಲುಸೀಮೆಯವರು ಹೇಳುವ ‘ಹಳೆ ಫ್ರಿಜ್ ಇಷ್ಟು ತಿನ್ನುತ್ತೆ’ ಎಂಬ ಲೆಕ್ಕ ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಆದ್ದರಿಂದ ನಿಮ್ಮ ಮನೆಯಲ್ಲೇ ಅಳೆಯಿರಿ.

ಕರೆಂಟಿನ ಮೀಟರ್ ಬಳಿ ಹೋಗಿ. ಈಗಿನ ಮೀಟರ್‌ಗಳಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಸಲ ಮಿನುಗುತ್ತದೆ ಎಂಬ ಅಂಕಿ ಪಕ್ಕದಲ್ಲೇ ಅಚ್ಚಾಗಿರುತ್ತದೆ, ನಮ್ಮ ಮನೆಯದರಲ್ಲಿ 3200. ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ, ಫ್ರಿಜ್ ಮಾತ್ರ ಓಡುವಾಗ ಒಂದು ನಿಮಿಷ ಎಣಿಸಿ. 8 ಸಲ ಮಿನುಗಿದರೆ ಗಂಟೆಗೆ 480. ಅದನ್ನು 3200ರಿಂದ ಭಾಗಿಸಿದರೆ 0.15, ಎಂದರೆ 150 ವ್ಯಾಟ್. ಇದು ಕಂಪ್ರೆಸರ್ ಓಡುವಾಗಿನ ದಪ್ಪ. ದಿನಕ್ಕೆ ಎಷ್ಟು ಎಂದು ತಿಳಿಯಲು ರಾತ್ರಿ 10ಕ್ಕೆ ರೀಡಿಂಗ್ ಬರೆದಿಟ್ಟುಕೊಂಡು, ಬೇರೇನೂ ಹಾಕದೆ ಮಲಗಿ, ಬೆಳಿಗ್ಗೆ 6ಕ್ಕೆ ಮತ್ತೆ ನೋಡಿ.

ನಮ್ಮ ಮನೆಯಲ್ಲಿ ಅಪ್ಪ ತಂದಿದ್ದ ಫ್ರಿಜ್ಜನ್ನು ಹೀಗೆ ಅಳೆದಾಗ 8 ಗಂಟೆಗೆ 0.6 ಯೂನಿಟ್ ಬಂತು. ದಿನಕ್ಕೆ 1.8, ವರ್ಷಕ್ಕೆ 650ರಷ್ಟು. ಹೊಸ ಫ್ರಿಜ್‌ಗಳ ಮೇಲೆ ನಕ್ಷತ್ರಗಳಿರುವ ಪಟ್ಟಿ ಅಂಟಿಸಿರುತ್ತಾರಲ್ಲ, ಕೇಂದ್ರದ ಇಂಧನ ದಕ್ಷತಾ ಬ್ಯೂರೋದ್ದು, 2006ರಲ್ಲಿ ಶುರುವಾದದ್ದು, ಅದರಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಜನ ನಕ್ಷತ್ರ ಎಣಿಸುತ್ತಾರೆ, ಈ ಅಂಕಿ ಓದುವುದಿಲ್ಲ. ನಾವು ನೋಡಿದ ಒಂದು ಬಾಗಿಲಿನ ಫ್ರಿಜ್ಜಿನ ಮೇಲೆ 180 ಎಂದಿತ್ತು. ವ್ಯತ್ಯಾಸ 470 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 2,800 ರೂಪಾಯಿ. ಆರು ವರ್ಷದೊಳಗೆ ಹೊಸ ಫ್ರಿಜ್ಜಿನ ಬೆಲೆ ಅದರಿಂದಲೇ ಹುಟ್ಟುತ್ತದೆ. ಅದನ್ನು ಕೊಟ್ಟೆವು. ಅಪ್ಪನ ನೆನಪು ಅಂಟಿಕೊಂಡಿದ್ದ ವಸ್ತು, ಕೊಡುವಾಗ ಸಂಕಟವಾಯಿತು. ಆದರೆ ಲೆಕ್ಕ ಎದುರಿಗಿತ್ತು.

ಗೃಹಜ್ಯೋತಿ ಇರುವ ಮನೆಗಳಿಗೆ ಇನ್ನೊಂದು ಸುತ್ತು ಲೆಕ್ಕವಿದೆ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಹಿಂದಿನ ಬಳಕೆಯ ಸರಾಸರಿ ಮತ್ತು ಅದರ ಮೇಲೆ ತುಸು ಹೆಚ್ಚು ಎಂಬ ಮಿತಿಯಿದೆ. ಅದರೊಳಗಿದ್ದರೆ ಬಿಲ್ ಸೊನ್ನೆ. ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ಹಣ. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮಿತಿಯೊಳಗೆ ಆರಾಮವಾಗಿರುವ ಮನೆಗೆ ಹೊಸ ಫ್ರಿಜ್ಜಿನಿಂದ ಕೈಗೆ ಸಿಗುವ ಹಣ ಏನೂ ಇಲ್ಲ. 190, 195ರಲ್ಲಿ ತೂಗಾಡುವ ಮನೆಗೆ ತಿಂಗಳಿಗೆ 40 ಯೂನಿಟ್ ಇಳಿದರೆ ಅದು ಬಹಳ ದೊಡ್ಡದು.

ಅಂಗಡಿಗೆ ಹೋಗುವ ಮೊದಲು ಒಂದು ಹತ್ತು ರೂಪಾಯಿ ನೋಟನ್ನು ಬಾಗಿಲಿನ ಸಂದಿಯಲ್ಲಿಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಗ್ಯಾಸ್ಕೆಟ್ ಸೋತಿದೆ. ಬಹಳ ಸಲ ಅದನ್ನು ಬಿಸಿ ಸೋಪಿನ ನೀರಲ್ಲಿ ಒರೆಸಿದರೇ ಹಿಡಿತ ಬರುತ್ತದೆ, ಇಲ್ಲದಿದ್ದರೆ ರಬ್ಬರ್ ಮಾತ್ರ ಬದಲಿಸಬಹುದು. ಹಿಂದಿನ ಜಾಲರಿಯ ಧೂಳು ಗುಡಿಸಿ. ಮಂಜುಗಡ್ಡೆ ಬೆರಳು ದಪ್ಪ ಕಟ್ಟಲು ಬಿಡಬೇಡಿ, ಅದು ಶಾಖಕ್ಕೆ ಕಂಬಳಿ ಹೊದಿಸಿದ ಹಾಗೆ. ಹೊಸದನ್ನು ತಂದು ಹಳೆಯದನ್ನೂ ‘ಇರಲಿ, ಹಬ್ಬಕ್ಕೆ ಮಾಂಸ ಇಡ್ಲಿಕ್ಕಾಯ್ತು’ ಎಂದು ಹಿಂದಿನ ಕೋಣೆಯಲ್ಲಿ ಓಡಿಸುವುದಿದೆಯಲ್ಲ, ಎಲ್ಲಕ್ಕಿಂತ ದುಬಾರಿ ಅದೇ.

ಕರೆಂಟೇ ಬೇಡದವು

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ರಸ್ತೆ, ಕರೆಂಟು, ಮೊಬೈಲ್ ಎಲ್ಲ ಒಟ್ಟಿಗೇ ಹೋದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಇಂಥ ಊರಿನಲ್ಲಿ ಕೈಯಿಂದ ನಡೆಯುವ ವಸ್ತುವಿನ ಬೆಲೆಯನ್ನು ಯೂನಿಟ್ಟಿನಲ್ಲಿ ಅಳೆಯಲಾಗದು.

ಒರಳು ತೆಗೆದುಕೊಳ್ಳಿ. ಮಿಕ್ಸಿಯ ಬ್ಲೇಡ್ ನಿಮಿಷಕ್ಕೆ 18,000 ಸುತ್ತು ಹೊಡೆದು ಕಾಳನ್ನು ಕತ್ತರಿಸುತ್ತದೆ, ಆ ಉಜ್ಜಾಟಕ್ಕೆ ಹಿಟ್ಟು ಬಿಸಿಯಾಗುತ್ತದೆ. ಗುಂಡುಕಲ್ಲು ನಿಧಾನಕ್ಕೆ ಉರುಳಿ ಅರೆಯುತ್ತದೆ. ಉದ್ದಿನ ಹಿಟ್ಟಿನೊಳಗೆ ಗಾಳಿ ಸೇರುತ್ತಾ ಅದು ಉಬ್ಬುತ್ತದೆ, ಬಿಸಿಯಾಗುವುದಿಲ್ಲ. ಇದೇ ಗುಣವನ್ನು ಉಳಿಸಿಕೊಂಡು ಕೈಕೆಲಸ ತಪ್ಪಿಸಲೆಂದೇ 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿಯವರು ಒರಳಿಗೆ ಮೋಟರ್ ಕೂಡಿಸಿ ವೆಟ್ ಗ್ರೈಂಡರ್ ಮಾಡಿದ್ದು. ದಿನನಿತ್ಯಕ್ಕೆ ಗ್ರೈಂಡರ್ ಇರಲಿ, ಒರಳು ಜಗಲಿಯಲ್ಲಿರಲಿ. ಅದು ಏನನ್ನೂ ಕೇಳುವುದಿಲ್ಲ. ಒಳಗೋಡೆ ನುಣುಪಾದರೆ ಉಳಿ ಹೊಡೆಸಬೇಕು, ಅದಕ್ಕೆ ಆಳು ಸಿಗುವುದು ಮಾತ್ರ ಈಗ ಕಷ್ಟ.

ಬೀಸುಕಲ್ಲಿನ ಮಾತೂ ಹಾಗೆಯೇ. ನಮ್ಮ ಅಕ್ಕಿ ಕಡುಬು ಕಡಂಬುಟ್ಟಿಗೆ ಬೇಕಾದ್ದು ತರಿ, ಹಿಟ್ಟಲ್ಲ. ಮಿಕ್ಸಿಯಲ್ಲಿ ಒಡೆದರೆ ಅರ್ಧ ಪುಡಿ, ಅರ್ಧ ಇಡೀ ಅಕ್ಕಿ. ಬೀಸುಕಲ್ಲಿನ ಎರಡು ಕಲ್ಲುಗಳ ನಡುವಿನ ಸಂದಿಯೇ ತರಿಯ ಅಳತೆ, ಅದಕ್ಕಿಂತ ಸಣ್ಣದಾದದ್ದು ತಾನಾಗಿ ಅಂಚಿಗೆ ಜಾರಿ ಹೊರಬೀಳುತ್ತದೆ.

ಬಚ್ಚಲ ಹಂಡೆಗೆ ತೋಟದಲ್ಲಿ ಸವರಿದ ಕಾಫಿ ಕೊಂಬೆ ಸಾಕು. ತೆರೆದ ಒಲೆಯಲ್ಲಿ ಶಾಖದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ ಎನ್ನುವುದು ನಿಜ, ಆದರೆ ಬಚ್ಚಲು ಹೊರಗಿದ್ದು ಹೊಗೆಗೂಡು ಇದ್ದರೆ ಮಳೆಗಾಲದಲ್ಲಿ ಅದೇ ದೊಡ್ಡ ಆಸರೆ. ಹದಿನೈದು ದಿನ ಒಣಗದ ಬಟ್ಟೆಯೂ ಆ ಶಾಖಕ್ಕೇ ಒಣಗುವುದು. ಸ್ನಾನದ ಹಂಡೆಗೆ ಕಲಾಯಿ ಬೇಡ. ಅಡುಗೆಯ ತಾಮ್ರ, ಹಿತ್ತಾಳೆ ಪಾತ್ರೆಗೆ ಬೇಕೇ ಬೇಕು. ಕಲಾಯಿ ಹೋದ ಪಾತ್ರೆಯಲ್ಲಿ ಕಾಚಂಪುಳಿ ಹಾಕಿ ಕುದಿಸಿದರೆ ಆ ಹುಳಿಗೆ ತಾಮ್ರ ಕರಗಿ ಊಟಕ್ಕೆ ಸೇರುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಚಳಿಗೆ ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಮುಚ್ಚಬೇಡಿ. ಅರೆಬರೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನೂ ಜಗಲಿಯಲ್ಲೇ ಬಳಸಿ.

ಇನ್ನು ಹಳೆಯ ಲ್ಯಾಂಡ್‌ಲೈನ್ ಫೋನ್. ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತದೆ, ಮನೆಯಲ್ಲಿ ಕರೆಂಟು ಹೋದರೂ ಅದು ಮಾತಾಡುತ್ತದೆ. ಫೈಬರಿಗೆ ಬದಲಾದ ಮನೆಗಳಲ್ಲಿ ಈ ಅನುಕೂಲವಿಲ್ಲ, ಅಲ್ಲಿ ಮೋಡೆಮ್ಮಿಗೆ ಮನೆಯ ಕರೆಂಟೇ ಬೇಕು. ನಿಮ್ಮದು ಯಾವುದು ಎಂದು ಮಳೆಗೆ ಮೊದಲೇ ತಿಳಿದಿರಲಿ. ಸೆಲ್ ಹಾಕುವ ಟ್ರಾನ್ಸಿಸ್ಟರ್ ಇದ್ದರೆ ಆಕಾಶವಾಣಿ ಮಡಿಕೇರಿ ಸಿಗುತ್ತದೆ. ರಸ್ತೆ ಎಲ್ಲಿ ಬಂದಾಗಿದೆ, ಶಾಲೆಗೆ ರಜೆಯೋ ಇಲ್ಲವೋ ಎಂಬುದಕ್ಕೆ ಟವರ್ ಸತ್ತ ದಿನ ಬೇರೆ ದಾರಿಯಿಲ್ಲ.

ಹೊಸವು ಬೇಗ ಕೆಡುವುದೇಕೆ?

ಹಳೆಯ ವಾಷಿಂಗ್ ಮೆಷಿನ್ನಿನಲ್ಲಿ ಸಮಯ ಹಿಡಿಯುವುದು ಗಡಿಯಾರದ ಹಾಗೆ ತಿರುಗುವ ಗುಬುಟು. ಹೊಸದರಲ್ಲಿ ಅದೇ ಕೆಲಸವನ್ನು ಒಂದು ಎಲೆಕ್ಟ್ರಾನಿಕ್ ಬೋರ್ಡ್ ಮಾಡುತ್ತದೆ. ಬೋರ್ಡಿನ ಗೆರೆಗಳು ಕೂದಲೆಳೆಯಷ್ಟು ಸಣ್ಣ. ನಮ್ಮ ಮಳೆಗಾಲದ ತೇವ, ಬೆಚ್ಚಗಿನ ಜಾಗ ಹುಡುಕಿ ಸೇರುವ ಇರುವೆ, ಕಾಫಿಗೆ ಹೂಮಳೆ ಬೀಳುವ ಮಾರ್ಚ್, ಏಪ್ರಿಲ್‌ನ ಸಿಡಿಲು, ಈ ಮೂರೂ ಅದಕ್ಕೆ ಶತ್ರು. ಒಂದು ಭಾಗ ಕೆಟ್ಟರೂ ಇಡೀ ಬೋರ್ಡನ್ನೇ ಬದಲಿಸುತ್ತಾರೆ. ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೇ ಕಿತ್ತಿಡುವುದು ಇದಕ್ಕಾಗಿ. ಸ್ವಿಚ್ ಆರಿಸಿದರೆ ಸಾಲದು, ಸಿಡಿಲಿನ ವೋಲ್ಟೇಜ್ ಆ ಸಣ್ಣ ಸಂದಿಯನ್ನು ಹಾರಿಬಿಡುತ್ತದೆ.

ಹಳೆಯದೆಲ್ಲ ಗಟ್ಟಿ ಎನ್ನುವುದರಲ್ಲೂ ಒಂದು ಮರೆವಿದೆ. ಆ ಕಾಲದಲ್ಲೂ ಕಳಪೆ ವಸ್ತುಗಳಿದ್ದವು. ಅವು ಯಾವತ್ತೋ ಗುಜರಿಗೆ ಹೋದವು. ಇವತ್ತು ನಮ್ಮ ಕಣ್ಣಿಗೆ ಬೀಳುವುದು ಉಳಿದುಕೊಂಡವು ಮಾತ್ರ.

ಇಟ್ಟುಕೊಳ್ಳುವುದಾದರೆ

ಕಬ್ಬಿಣದ ಮೈಯ ಹಳೆಯ ವಸ್ತುವಿಗೆ ಎರಡು ಕಡ್ಡಿಯ ಪ್ಲಗ್ ಇದ್ದರೆ ಅದಕ್ಕೆ ಅರ್ತಿಂಗ್ ಇಲ್ಲ ಎಂದರ್ಥ. ಒಳಗಿನ ತಂತಿಯ ಹೊದಿಕೆ ಸೀಳಿ ಮೈಗೆ ತಗುಲಿದರೆ ಕರೆಂಟು ನೆಲಕ್ಕಿಳಿಯಲು ನಿಮ್ಮ ಮೈಯೇ ದಾರಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವ ನಮ್ಮ ಅಡುಗೆಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಮೂರು ಕಡ್ಡಿಯ ಪ್ಲಗ್, ಹೊಸ ವೈರ್ ಹಾಕಿಸಿ. ಮೇನ್ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಎಂಬ ಸೋರಿಕೆ ಹಿಡಿಯುವ ಸ್ವಿಚ್ ಕೂರಿಸಿದ್ದರೆ, ಅಷ್ಟು ಸಣ್ಣ ಸೋರಿಕೆಗೂ ಅದು ಕ್ಷಣಾರ್ಧದಲ್ಲಿ ಕರೆಂಟು ಕಡಿಯುತ್ತದೆ. ಹಳೆಯ ವಸ್ತುಗಳಿಗೆ ಖರ್ಚು ಮಾಡಲು ಹಣವಿದ್ದರೆ ಮೊದಲು ಇದಕ್ಕೆ ಮಾಡಿ.

ಕೊಟ್ಟುಬಿಡುವುದಾದರೂ ಫ್ರಿಜ್ಜನ್ನು ತೋಟದ ಮೂಲೆಗೆ ಎಸೆಯಬೇಡಿ. ಬಹಳ ಹಳೆಯವುಗಳಲ್ಲಿ ಓಜೋನ್ ಪದರಕ್ಕೆ ಹಾನಿ ಮಾಡುವ ಸಿಎಫ್‌ಸಿ ಅನಿಲವಿದೆ, ಅದನ್ನು ನಿಲ್ಲಿಸಲೆಂದೇ 1987ರ ಮಾಂಟ್ರಿಯಲ್ ಒಪ್ಪಂದವಾದದ್ದು. ಈಗಿನ ಬಹಳಷ್ಟರಲ್ಲಿರುವುದು ಬೆಂಕಿ ಹಿಡಿಯುವ ಅನಿಲ. ಕೊಡುವ ದಿನದವರೆಗೆ ಬಾಗಿಲು ಕಳಚಿಡಿ, ಆಟವಾಡುವ ಮಕ್ಕಳು ಒಳಗೆ ಅಡಗಿ ಕೂತರೆ ಒಳಗಿನಿಂದ ತೆರೆಯಲು ಆಗದಿರಬಹುದು.

ಪಕ್ಕದ ಮನೆಯ ಹುಡುಗಿಗೆ ಕರೆಂಟು ಬಂದ ವಾರ ಮೀಟರ್ ನೋಡುವುದನ್ನು ಹೇಳಿಕೊಟ್ಟೆ. ಅವಳ ಹದಿನೈದು ವರ್ಷದ ಫ್ರಿಜ್ ರಾತ್ರಿಯ 8 ಗಂಟೆಗೆ 0.5 ಯೂನಿಟ್ ಎಳೆದಿತ್ತು. ಹತ್ತು ರೂಪಾಯಿ ನೋಟು ಕೆಳಗಿನ ಮೂಲೆಯಲ್ಲಿ ಜಾರಿ ಬಂತು. ಗ್ಯಾಸ್ಕೆಟ್ ಬದಲಿಸಿ ಮತ್ತೆ ಅಳೆದಾಗ 0.4. ಅಂದರೆ ವರ್ಷಕ್ಕೆ 440ರ ಹತ್ತಿರ. ಹೊಸದಕ್ಕೂ ಇದಕ್ಕೂ ವರ್ಷಕ್ಕೆ ಸಾವಿರದ ಐನೂರು ರೂಪಾಯಿ ವ್ಯತ್ಯಾಸ, ಹೊಸದರ ಬೆಲೆ ಹುಟ್ಟಲು ಹತ್ತು ವರ್ಷ. ಅವರ ಮನೆ ಗೃಹಜ್ಯೋತಿಯ ಮಿತಿಯೊಳಗೇ ಇದೆ. ಅಂಗಡಿಯವರ ಫೋನಿಗೆ ಸದ್ಯಕ್ಕೆ ಬೇಡ ಎಂದಳಂತೆ. ಆ ಹಣದಲ್ಲಿ ಮನೆಗೆ ಅರ್ತಿಂಗ್ ಹೊಸದಾಗಿ ಹಾಕಿಸುತ್ತಿದ್ದಾರೆ.